ಆ ನೋಟುಪುಸ್ತಕವನ್ನು ಒಲೆಗೆ ಹಾಕಬೇಡಿ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಓದುಗರೊಬ್ಬರು ಬರೆದಿದ್ದಾರೆ: “ಮನೆಯಲ್ಲೇ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. 2023-24ರಲ್ಲಿ ವ್ಯಾಪಾರ 9 ಲಕ್ಷ. ಅಷ್ಟನ್ನೇ ತೋರಿಸಿ ರಿಟರ್ನ್ ಸಲ್ಲಿಸಿದ್ದೆ. ಖಾತೆಯಲ್ಲಿ ಜಮೆ 14 ಲಕ್ಷ ಇದೆಯೆಂದು ಆದಾಯ ತೆರಿಗೆಯವರ ನೋಟೀಸು ಬಂದಿದೆ. ಹೆಚ್ಚಿನ 5 ಲಕ್ಷ ಯಜಮಾನರ ಅಡಿಕೆಯ ಹಣ, ಕುಟುಂಬಶ್ರೀ ಮಹಿಳಾ ಸಂಘದ ಸಾಲ, ನಾನು ಕೊಟ್ಟಿದ್ದು ತಂಗಿ ಬ್ಯಾಂಕಿನ ಮೂಲಕ ಮರಳಿಸಿದ ಕೈಸಾಲ. ನನ್ನ ಲೆಕ್ಕ ಕನ್ನಡದಲ್ಲಿ, ಮಕ್ಕಳ ಹಳೆಯ ನೋಟುಪುಸ್ತಕದಲ್ಲಿದೆ. ಅದನ್ನು ಸುಟ್ಟು ಇಂಗ್ಲಿಷಿನಲ್ಲಿ ಹೊಸತು ಬರೆಸಿ ಎನ್ನುತ್ತಾರೆ ಪರಿಚಯದವರು. ಏನು ಮಾಡಲಿ?”

ಅಕ್ಕಾ, ಆ ಪುಸ್ತಕವನ್ನು ಮೊದಲು ಕಪಾಟಿನಲ್ಲಿಟ್ಟು ಬೀಗ ಹಾಕಿ. ಮಾನ ಹೋಗುವುದು ಅದನ್ನು ತೋರಿಸಿದರಲ್ಲ, ಸುಟ್ಟರೆ. ಹಿಂದಿನ ತಾರೀಕು ಹಾಕಿ ಹೊಸದಾಗಿ ಬರೆಸಿದ ಲೆಕ್ಕದಲ್ಲಿ ಸುಳ್ಳು ಜಮೆ ಕಂಡರೆ ಅಷ್ಟೇ ಮೊತ್ತದ ದಂಡ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ನಿಮ್ಮ ಹಾಳೆಯಲ್ಲಿ ‘ಮೇ 3, ಹಲಸು 14, ಹಪ್ಪಳ 620, ಮಳೆ ಬಂದು 90 ಹಾಳು’ ಎಂದಿದ್ದರೆ ಅದನ್ನು ಅಂದೇ ಬರೆದದ್ದೆಂದು ಯಾರಿಗಾದರೂ ತಿಳಿಯುತ್ತದೆ. ಹಾಳಾದ 90 ಹಪ್ಪಳವನ್ನು ಬಾಡಿಗೆಗೆ ಬರೆಯುವವರು ಬರೆಯುವುದಿಲ್ಲ. ಲೆಕ್ಕಪುಸ್ತಕ ಇಂಗ್ಲಿಷಿನಲ್ಲೇ ಇರಬೇಕೆಂದು ಆದಾಯ ತೆರಿಗೆ ಕಾಯ್ದೆ ಎಲ್ಲೂ ಹೇಳುವುದಿಲ್ಲ. ಕರಿ ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಜಮೆ-ಖರ್ಚು ಬರೆದ ನಾಡು ನಮ್ಮದು. ಕನ್ನಡದ ಲೆಕ್ಕ ಎಂದ ಕೂಡಲೇ ತಲೆ ತಗ್ಗಿಸುವ ಅಭ್ಯಾಸ ಎಲ್ಲಿಂದ ಬಂತು?

ಆಡಿಟರರ ನೆರವು ಬೇಡವೆನ್ನುತ್ತಿಲ್ಲ. ಪೋರ್ಟಲ್ಲಿನ ಕೆಲಸ, ಕಲಮುಗಳ ಭಾಷೆ ಅವರಿಗೆ ಗೊತ್ತು, ಅದಕ್ಕೆ ಕೊಡುವ ಶುಲ್ಕ ವ್ಯರ್ಥವಲ್ಲ. ಆದರೆ ನವೆಂಬರಿನ 80,000 ಅಡಿಕೆಯದೋ ಹಪ್ಪಳದ್ದೋ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಅದು ಗೊತ್ತಿರುವುದು ನಿಮಗೆ ಮತ್ತು ಆ ಪುಸ್ತಕಕ್ಕೆ.

ನಿಮಗೆ ಬಂದದ್ದನ್ನು ಊರವರು ‘ಆಡಿಟ್’ ಎನ್ನುತ್ತಿರಬಹುದು. ಚಾರ್ಟರ್ಡ್ ಅಕೌಂಟೆಂಟರಿಂದ ಕಡ್ಡಾಯವಾಗಿ ಮಾಡಿಸಬೇಕಾದ ಆಡಿಟ್ ಸಾಮಾನ್ಯವಾಗಿ 1 ಕೋಟಿ ದಾಟಿದ ವ್ಯಾಪಾರಕ್ಕೆ. ನಗದು ವ್ಯವಹಾರ 5 ಶೇಕಡಾ ಮೀರದಿದ್ದರೆ 10 ಕೋಟಿ ದಾಟಿದ ಮೇಲೆ. ನಿಮ್ಮದು 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 143(2)ರಂತೆ ನಡೆಯುವ ರಿಟರ್ನಿನ ಪರಿಶೀಲನೆ. ಅದೇ ಕಾಯ್ದೆಯಲ್ಲಿ ಸಣ್ಣ ವ್ಯಾಪಾರಿಗಳಿಗಿರುವ ಕಲಂ 44ಎಡಿಯಂತೆ ಬ್ಯಾಂಕು-ಯುಪಿಐ ಮೂಲಕ ಬಂದ ವ್ಯಾಪಾರಕ್ಕೆ ಕನಿಷ್ಠ 6 ಶೇಕಡಾ, ನಗದಿಗೆ 8 ಶೇಕಡಾ ಲಾಭ ತೋರಿಸಿದರೆ ಸಾಕು. 6 ಲಕ್ಷ ಯುಪಿಐ, 3 ಲಕ್ಷ ನಗದಾದರೆ 36,000 ಮತ್ತು 24,000, ಒಟ್ಟು 60,000. ಈ ದಾರಿ ಹಿಡಿದವರಿಗೆ ಪೂರ್ಣ ಲೆಕ್ಕಪುಸ್ತಕ ಕಡ್ಡಾಯವಲ್ಲ. ಅದನ್ನೇ ನಂಬಿ ಹಲವರು ಏನೂ ಬರೆಯದೆ ಕುಳಿತುಕೊಳ್ಳುತ್ತಾರೆ, ಎಡವುವುದೂ ಅಲ್ಲೇ. ಲಾಭದ ಲೆಕ್ಕ ಕೇಳದಿದ್ದರೂ ಖಾತೆಗೆ ಬಂದ ಹಣದ ಮೂಲ ಕೇಳಿಯೇ ಕೇಳುತ್ತಾರೆ. ವಿವರಣೆ ಒಪ್ಪಿಗೆಯಾಗದ ಜಮೆಗೆ 2023-24ರ ಲೆಕ್ಕದಲ್ಲಿ ತೆರಿಗೆ 60 ಶೇಕಡಾ. ಮೇಲ್ತೆರಿಗೆ, ಸೆಸ್ ಸೇರಿ 78. ಒಂದು ಲಕ್ಷಕ್ಕೆ 78,000 ರೂಪಾಯಿ!

ಆದ್ದರಿಂದ ಏಪ್ರಿಲಿನಿಂದ ಮಾರ್ಚಿನವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ, ಪ್ರತಿ ಜಮೆಯ ಪಕ್ಕದಲ್ಲಿ ಯಾರಿಂದ, ಏತಕ್ಕೆ, ಯಾವ ದಾಖಲೆ ಎಂದು ನೀವೇ ಬರೆಯಿರಿ. ಅಡಿಕೆಗೆ ಯಜಮಾನರ ಹೆಸರಿನ ಮಾರಾಟದ ಬಿಲ್ಲು, ವಿಲೇಜ್ ಆಫೀಸಿನ ಭೂತೆರಿಗೆ ರಶೀದಿ, ಹಣ ನಿಮ್ಮ ಖಾತೆಗೆ ಯಾಕೆ ಬಂತೆಂದು ಅವರ ಸಹಿಯ ಪತ್ರ. ಕುಟುಂಬಶ್ರೀಗೆ ಸಾಲ ಮಂಜೂರಾತಿ ಪತ್ರ, ಸಂಘದ ಪಾಸ್‌ಬುಕ್ಕಿನ ಹಾಳೆ. ತಂಗಿಯ ವಿಷಯದಲ್ಲಿ ಒಪ್ಪಿಗೆ ಪತ್ರ, ಪಾನ್ ನಂಬ್ರ, ಅವರ ಖಾತೆಯಿಂದ ಹಣ ಹೊರಟ ಪುಟ, ಮೊದಲು ನೀವು ಕೊಟ್ಟದ್ದರ ಗುರುತು. ಅವರು ಬ್ಯಾಂಕಿನಲ್ಲೇ ಹಾಕಿದ್ದು ಒಳ್ಳೆಯದಾಯಿತು. 20,000 ಅಥವಾ ಹೆಚ್ಚಿನ ಕೈಸಾಲವನ್ನು ನಗದಾಗಿ ತೀರಿಸಿದರೆ ತೀರಿಸಿದವರಿಗೆ ದಂಡವಿದೆ. ಎಟಿಎಂನಿಂದ ತೆಗೆದು ಉಳಿದದ್ದನ್ನು ಮತ್ತೆ ಕಟ್ಟಿದ್ದರೆ ಅದನ್ನೂ ಬೇರೆಯಾಗಿ ಗುರುತಿಸಿ, ಇಲ್ಲದಿದ್ದರೆ ಅದೂ ಆದಾಯದಂತೆ ಕಾಣುತ್ತದೆ. ಈಗಿನ ಪರಿಶೀಲನೆ ಮುಖ ನೋಡದೆ ನಡೆಯುವಂಥದ್ದು, ಅಧಿಕಾರಿ ದೇಶದ ಯಾವ ಮೂಲೆಯಲ್ಲೂ ಇರಬಹುದು. ಕನ್ನಡದ ಹಾಳೆಗಳ ಜೊತೆಗೆ ಇಂಗ್ಲಿಷಿನಲ್ಲಿ ಒಂದು ಸಾರಾಂಶ ಲಗತ್ತಿಸಿ.

ಉಪ್ಪಿನಕಾಯಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ತಲಪಾಡಿ ಗಡಿ ದಾಟಿಸಿ ಮಂಗಳೂರಿಗೆ ಕಳುಹಿಸಿದರೂ ತೊಂದರೆಯಿಲ್ಲ. ಉಪ್ಪಿನಕಾಯಿ ತೆರಿಗೆಯ ಸರಕು. ಕೇರಳದೊಳಗೆ ಮಾರುವವರಿಗೆ 40 ಲಕ್ಷದವರೆಗೆ ನೋಂದಣಿ ಬೇಡ. ಮಂಗಳೂರಿನ ಅಂಗಡಿಗೆ ಕಳುಹಿಸಿದರೆ ಅದು ಅಂತರರಾಜ್ಯ ಮಾರಾಟ, ಮೊದಲ ಭರಣಿಗೇ ನೋಂದಣಿ ಬೇಕು. ಸಣ್ಣ ವ್ಯಾಪಾರಿಗಳಿಗಿರುವ, 1 ಶೇಕಡಾ ತೆರಿಗೆಯ ಕಾಂಪೊಸಿಷನ್ ಯೋಜನೆಯೂ ಅಂಥವರಿಗೆ ಸಿಗುವುದಿಲ್ಲ. ತಿರುವನಂತಪುರದ ಅಂಗಡಿ ಕಾನೂನಿನ ಕಣ್ಣಿಗೆ ನೆರೆಮನೆ, ಮಂಜೇಶ್ವರದಿಂದ ಅರ್ಧ ಗಂಟೆಯ ಮಂಗಳೂರು ಪರರಾಜ್ಯ! 1956ರ ನವೆಂಬರ್ 1ರಂದು ಎಳೆದ ಗೆರೆಯ ಸುಂಕವನ್ನು ನಮ್ಮ ಹೆಂಗಸರು ಇಂದಿಗೂ ಉಪ್ಪಿನಕಾಯಿ ಭರಣಿಯ ಮೇಲೆ ಕಟ್ಟುತ್ತಿದ್ದಾರೆ. ಚಂದ್ರಗಿರಿ ಹೊಳೆಯ ಉತ್ತರ ಭಾಗವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಆ ಮಾತು ಕಾಗದದಲ್ಲೇ ಉಳಿಯಿತು.

ಕಾಗದದಲ್ಲಿ ಇನ್ನೊಂದು ಮಾತೂ ಇದೆ. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆ ಕನ್ನಡಿಗರು ರಾಜ್ಯ ಸರಕಾರದ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಆದಾಯ ತೆರಿಗೆ ಕೇಂದ್ರದ್ದು, ಈ ಕಾಯ್ದೆ ಅಲ್ಲಿಗೆ ತಾಗದು. ಆದರೆ ರಾಜ್ಯದ ಜಿಎಸ್‌ಟಿ ಕಚೇರಿ, ಪಂಚಾಯತು, ವಿಲೇಜ್ ಆಫೀಸುಗಳಿಗೆ ನಾವು ಕನ್ನಡದಲ್ಲಿ ಬರೆಯುವುದನ್ನು ಬಿಟ್ಟದ್ದರಿಂದಲೇ ಕನ್ನಡ ಬಲ್ಲ ಗುಮಾಸ್ತರ ಅಗತ್ಯವಿಲ್ಲವೆಂದು ಹೇಳುವವರಿಗೆ ಧೈರ್ಯ ಬಂದಿದೆ. ಭೂತೆರಿಗೆ ರಶೀದಿಯ ನಕಲಿಗೆ ಅರ್ಜಿ ಹಾಕುವಾಗ ಕನ್ನಡದಲ್ಲೇ ಹಾಕಿ.

ನೋಟೀಸಿನಲ್ಲಿ ಡಿಐಎನ್ ಎಂಬ ಸಂಖ್ಯೆ ಇರಬೇಕು. ಇಲಾಖೆಯ ಪೋರ್ಟಲ್ಲಿನಲ್ಲಿ ಅದನ್ನು ಹಾಕಿ ನೋಟೀಸು ಅಸಲಿಯೇ ಎಂದು ಇವತ್ತೇ ನೋಡಿ. ದಿನ ಸಾಲದಿದ್ದರೆ ಗಡುವು ಮುಗಿಯುವ ಮೊದಲೇ ಅಲ್ಲೇ ಕಾಲಾವಕಾಶ ಕೇಳಿ. ಸುಮ್ಮನಿದ್ದರೆ ಅಧಿಕಾರಿ ತನಗೆ ತೋಚಿದ ಮೊತ್ತವನ್ನು ನಿಮ್ಮ ಆದಾಯವೆಂದು ನಿರ್ಧರಿಸಬಹುದು, 10,000 ದಂಡವೂ ಬರಬಹುದು. ಪುಸ್ತಕದ ಹಾಳೆ ಹರಿಯದೆ, ಪುಟಸಂಖ್ಯೆ ಹಾಕಿ ಸ್ಕ್ಯಾನ್ ಮಾಡಿಸಿ. ಮೂಲ ಪುಸ್ತಕ ಯಾರ ಕೈಗೂ ಕೊಡಬೇಡಿ, ಆಡಿಟರರಿಗೂ ನಕಲೇ ಸಾಕು.