ಕಂಪ್ಯೂಟರ್ ಪ್ರಶ್ನೋತ್ತರ: ಹಗಲು ಓಡುವ ಬ್ಯಾಚ್ ಫೈಲ್ ರಾತ್ರಿ ಯಾಕೆ ನಿಲ್ಲುತ್ತದೆ?

ಪ್ರಶ್ನೆ: ನಮ್ಮದು ಅಡಕೆ ವ್ಯಾಪಾರ. ದಿನದ ಖರೀದಿ ಲೆಕ್ಕವನ್ನು ವಿಂಡೋಸ್ ಕಂಪ್ಯೂಟರಿನಿಂದ ಲಿನಕ್ಸ್ ಸರ್ವರಿಗೆ ಪಿಎಸ್‌ಸಿಪಿಯಲ್ಲಿ ಕಳಿಸಿ, ಪ್ಲಿಂಕ್ ಮೂಲಕ ಅಲ್ಲೊಂದು ಸ್ಕ್ರಿಪ್ಟ್ ಓಡಿಸುತ್ತೇವೆ. ಈ ಆಜ್ಞೆಗಳನ್ನು ಬರೆದಿಟ್ಟ ಬ್ಯಾಚ್ ಫೈಲನ್ನು ನಾವೇ ಒತ್ತಿದರೆ ಎಲ್ಲ ಸರಿ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಟಾಸ್ಕ್ ಶೆಡ್ಯೂಲರಿನಲ್ಲಿ ಸಿಸ್ಟಮ್ (ವಿಂಡೋಸಿನದೇ) ಖಾತೆಗೆ ಹಾಕಿ ರಾತ್ರಿ 9ಕ್ಕೆ ಇಟ್ಟರೆ ಬೆಳಗಾದರೂ ‘ರನ್ನಿಂಗ್’ ಎಂದೇ ತೋರಿಸುತ್ತದೆ, ಫೈಲ್ ಹೋಗಿರುವುದಿಲ್ಲ.
— ಓದುಗರು, ಬದಿಯಡ್ಕ

ಉತ್ತರ: ಅದು ಯಾರಾದರೂ ಉತ್ತರ ಕೊಡಲಿ ಎಂದು ಕಾಯುತ್ತಿದೆ. ಹೊಸ ಸರ್ವರ್ ಕಂಡಾಗ ಪಿಎಸ್‌ಸಿಪಿ, ಪ್ಲಿಂಕ್ ಸೇರಿದ ಪುಟ್ಟಿ ಬಳಗದ ತಂತ್ರಾಂಶಗಳು ಅದರ ಹೋಸ್ಟ್ ಕೀ (ಸರ್ವರಿನ ಗುರುತು) ತೋರಿಸಿ ‘ನಂಬಬಹುದೇ’ ಎಂದು ಕೇಳುತ್ತವೆ. ನೀವು ಹಿಂದೆ ಒತ್ತಿದ ‘ವೈ’ ನಿಮ್ಮ ಲಾಗಿನ್‌ನ ರಿಜಿಸ್ಟ್ರಿಯಲ್ಲಷ್ಟೇ (ಸೆಟ್ಟಿಂಗ್ ಉಳಿಯುವ ಜಾಗ) ಉಳಿದಿದೆ. ಸಿಸ್ಟಮ್ ಖಾತೆಗೆ ಅದು ಕಾಣದು. ಮತ್ತೆ ಕೇಳುತ್ತದೆ, ಕಾಣದ ಪರದೆಯಲ್ಲಿ.

ಪಿಎಸ್‌ಸಿಪಿ, ಪ್ಲಿಂಕ್ ಎರಡಕ್ಕೂ ‘-ಬ್ಯಾಚ್’ ಸೇರಿಸಿ. ಆಗ ಕಾಯುವ ಬದಲು ದೋಷ ತೋರಿಸಿ ಹೊರಬರುತ್ತವೆ. ಜೊತೆಗೆ ‘-ಹೋಸ್ಟ್‌ಕೀ’ ಎಂದು ಬರೆದು ಸರ್ವರಿನ ಎಸ್‌ಎಚ್‌ಎ256 ಫಿಂಗರ್‌ಪ್ರಿಂಟ್ (ಹೋಸ್ಟ್ ಕೀಯ ಚಿಕ್ಕ ರೂಪ) ಕೊಡಿ. ‘ಎಕೋ ವೈ’ ಎಂದು ಪೈಪ್ ಮಾಡುವ, ಅಂದರೆ ಉತ್ತರವನ್ನು ತಾನಾಗಿ ಕೊಡಿಸುವ ಉಪಾಯವನ್ನು ಹಲವರು ಹೇಳಿಕೊಡುತ್ತಾರೆ. ಬೇಡ, ಎದುರಿಗೆ ಯಾವ ಸರ್ವರ್ ಇದ್ದರೂ ಅದು ಹೂಂ ಎನ್ನುತ್ತದೆ.

ಪಾಸ್‌ವರ್ಡನ್ನು ‘-ಪಿಡಬ್ಲ್ಯೂ’ ಜೊತೆ ಫೈಲಿನಲ್ಲಿ ಬರೆದಿದ್ದರೆ ಅಳಿಸಿ. ಪುಟ್ಟಿಜೆನ್‌ನಲ್ಲಿ ಪಾಸ್‌ವರ್ಡ್ ಬದಲಿಗೆ ಬಳಸುವ ಇಡಿ25519 ಕೀ ಮಾಡಿ ‘-ಐ’ ಕೊಟ್ಟು ತೋರಿಸಿ. ರಾತ್ರಿ ಆ ಕೀಯ ಪಾಸ್‌ಫ್ರೇಸ್ (ಗುಪ್ತಪದ) ಒತ್ತಲು ಯಾರೂ ಇರುವುದಿಲ್ಲವಾದ್ದರಿಂದ ಅದನ್ನು ಖಾಲಿ ಬಿಡಬೇಕಾಗುತ್ತದೆ. ಹಾಗಾಗಿ ಸರ್ವರಿನಲ್ಲಿ ಈ ಕೆಲಸಕ್ಕೆಂದೇ ಕಡಿಮೆ ಅಧಿಕಾರದ ಬೇರೆ ಬಳಕೆದಾರನನ್ನು ಮಾಡಿ. ಎಲ್ಲ ಅಧಿಕಾರವಿರುವ ರೂಟ್‌ಗೆ ಈ ಕೀ ಕೊಡಲೇಬೇಡಿ. ಲೆಕ್ಕದ ಫೈಲ್ ‘ಝಡ್’ ಡ್ರೈವಿನಂಥ ನೆಟ್‌ವರ್ಕ್ ಡ್ರೈವಿನಲ್ಲಿದ್ದರೆ ಅದೂ ಸಿಸ್ಟಮ್ ಖಾತೆಗೆ ಕಾಣದು. ಮೊದಲು ‘ಸಿ’ ಡ್ರೈವಿಗೆ ನಕಲು ಮಾಡಿಡಿ.

ಫೈಲನ್ನು ತಾತ್ಕಾಲಿಕ ಹೆಸರಿನಲ್ಲಿ ಕಳಿಸಿ, ಪಿಎಸ್‌ಸಿಪಿಯ ಎರರ್‌ಲೆವೆಲ್ 0 (ದೋಷವಿಲ್ಲ) ಇದ್ದರೆ ಮಾತ್ರ ಪ್ಲಿಂಕ್‌ನಿಂದ ‘ಎಂವಿ’ ಮಾಡಿ ನಿಜವಾದ ಹೆಸರು ಕೊಟ್ಟು ಸ್ಕ್ರಿಪ್ಟ್ ಓಡಿಸಿ. ಇಲ್ಲವಾದರೆ ನೆಟ್ ಕಡಿದ ದಿನ ಅರ್ಧ ಲೆಕ್ಕವೇ ಪೂರ್ತಿ ಲೆಕ್ಕವಾಗಿಬಿಡುತ್ತದೆ.

ಶೆಡ್ಯೂಲರಿನ ಸೆಟ್ಟಿಂಗ್ಸ್‌ನಲ್ಲಿ ಹೆಚ್ಚು ಹೊತ್ತು ಓಡಿದರೆ ನಿಲ್ಲಿಸುವ ಅವಧಿ ಮೊದಲಿಗೆ 3 ದಿನ ಎಂದಿರುತ್ತದೆ. ಒಮ್ಮೆ ಸಿಕ್ಕಿಕೊಂಡರೆ ಮರುದಿನದ ಸರದಿಯೂ ತಪ್ಪುವುದು ಇದರಿಂದಲೇ. 1 ಗಂಟೆ ಮಾಡಿ. ತಪ್ಪಿದ ಕೆಲಸವನ್ನು ಆದಷ್ಟು ಬೇಗ ಓಡಿಸುವ ಆಯ್ಕೆಗೂ ಟಿಕ್ ಹಾಕಿ. ಮಳೆಗಾಲದಲ್ಲಿ 9 ಗಂಟೆಗೆ ಕರೆಂಟು ಇರುತ್ತದೆ ಎಂದು ನಂಬಿ ಕೂರುವಂತಿಲ್ಲ.

ಪ್ರಶ್ನೆ: ವಿಂಡೋಸ್‌ನಲ್ಲಿ ಬರೆದ ಸ್ಕ್ರಿಪ್ಟನ್ನು ಸರ್ವರಿಗೆ ಹಾಕಿದರೆ ‘ಬ್ಯಾಡ್ ಇಂಟರ್‌ಪ್ರಿಟರ್’ ಎನ್ನುತ್ತದೆ.
— ಓದುಗರು, ಹೊಸೂರು

ಉತ್ತರ: ವಿಂಡೋಸ್ ಸಾಲಿನ ಕೊನೆಗೆ ಎರಡು ಗುರುತು ಹಾಕುತ್ತದೆ, ಲಿನಕ್ಸ್ ಒಂದೇ. ಉಳಿದ ಆ ಒಂದು ಗುರುತು ಸ್ಕ್ರಿಪ್ಟ್ ಓಡಿಸುವ ತಂತ್ರಾಂಶವಾದ, ಮೊದಲ ಸಾಲಿನ ‘ಬ್ಯಾಶ್’ಗೆ ಅಂಟಿಕೊಂಡು, ಅಂಥ ಹೆಸರಿನ ತಂತ್ರಾಂಶವೇ ಇಲ್ಲವೆನಿಸುತ್ತದೆ. ಸರ್ವರಿನಲ್ಲಿ ‘ಡಾಸ್2ಯುನಿಕ್ಸ್’ ಓಡಿಸಿ, ಅಥವಾ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಎಡಿಟ್ ಮೆನುವಿನಲ್ಲಿ ಇಒಎಲ್ (ಸಾಲಿನ ಕೊನೆ) ಕನ್ವರ್ಶನ್ ಒತ್ತಿ ಯುನಿಕ್ಸ್ ಆರಿಸಿ ಉಳಿಸಿ.