ನಿಮ್ಮ ತಮ್ಮ ಸುಳ್ಳು ಹೇಳ್ತಿಲ್ರಿ ಅಕ್ಕಾರ

ಕಾರಟಗಿ ಕಡಿಯಿಂದ ಒಬ್ರು ಅಕ್ಕಾರು ಪತ್ರ ಬರದಾರ, ಹೆಸರು ಹಾಕಬ್ಯಾಡ್ರಿ ಅಂದಾರ, ಹಾಕಿಲ್ಲ. ಪತ್ರದ ಸಾರ ಇಷ್ಟು: ‘ನನ್ನ ತಮ್ಮಗ 24 ವರ್ಷ. ಎರಡು ವರ್ಷದಿಂದ ಕಿವ್ಯಾಗ ಯಾರೋ ಮಾತಾಡ್ತಾರ, ಮಂದಿ ನನ್ನ ಬೆನ್ನು ಹತ್ಯಾರ ಅಂತಾನ. ಡಾಕ್ಟ್ರು ಸೈಕೋಸಿಸ್ ಅಂದ್ರು, ಗುಳಿಗಿ ನಡದಾವ. ಆದ್ರ ಸಂಜಿ ಆತಂದ್ರ ಕಾಲುವಿ ದಂಡಿಗೆ ಹೋಗಿ ಗಾಂಜಾ ಸೇದ್ಕೊಂಡು ಬರ್ತಾನ. ಬೈದ್ರ, ಸೇದಿದ್ರನ ನನಗ ಹಗುರ ಆಗೋದು ಅಂತಾನ. ತಲಿ ಕೆಡಿಸಿದ್ದನ್ನ ಮತ್ತ ಸೇದೋದು ಹಟ ಅಲ್ದ ಮತ್ತೇನ್ರಿ? ಹುಲಿಗೆಮ್ಮಗ ಕರ್ಕೊಂಡು ಹೋಗ್ಲೇನು?’

ಅಕ್ಕಾರ, ಹಟ ಅಲ್ರಿ. ಹಗುರ ಆಗತೈತಿ ಅಂತ ಅವ ಹೇಳೋದು ಖರೇನ ಐತಿ, ಆದ್ರ ಅರ್ಧ ಖರೆ, ಉಳಿದರ್ಧ ಅವನಿಗೂ ಕಾಣಂಗಿಲ್ಲ.

ಡಾಕ್ಟ್ರುಗಳು ಸೈಕೋಸಿಸ್ ಇದ್ದವ್ರನ್ನ ನೀವ್ಯಾಕ ಸೇದ್ತೀರಿ ಅಂತ ಎಷ್ಟೋ ಸಲ ಕೇಳ್ಯಾರ. ನಾವು ಅನ್ಕೋತೀವಿ ಧ್ವನಿ ನಿಲ್ಲಸಾಕ ಸೇದ್ತಾರ ಅಂತ, ಆದ್ರ ಹಂಗ ಹೇಳೋರು ಕಮ್ಮಿ. ನಿದ್ದಿ ಬರಲಿ, ಎದಿ ಢವಢವ ಕಡಿಮಿ ಆಗಲಿ, ಬ್ಯಾಸರ ಹೋಗಲಿ, ನಾಕು ಮಂದಿ ಜೋಡಿ ಕುಂದ್ರಾಕ ಆಗಲಿ, ಇವ ಕಾರಣ ಹೆಚ್ಚು. ಅಂದ್ರ ರೋಗ ಇಲ್ಲದ ಹುಡುಗ್ರು ಯಾಕ ಸೇದ್ತಾರೋ ಇವರೂ ಬಹಳ ಮಟ್ಟಿಗೆ ಅದಕ್ಕ ಸೇದ್ತಾರ. ಆದ್ರ ಇವರಿಗೆ ಬ್ಯಾಸರ ಅನ್ನೋದು ನಮ್ಮ ನಿಮ್ಮಂಥ ಬ್ಯಾಸರ ಅಲ್ರಿ, ಈ ರೋಗ ಧ್ವನಿ ಕೇಳಿಸೋದಷ್ಟ ಮಾಡಂಗಿಲ್ಲ, ಯಾವುದರಾಗೂ ಮನಸ್ಸಿಲ್ಲ, ಏಳಾಕ ಮನಸ್ಸಿಲ್ಲ, ಮಾತು ಬ್ಯಾಡ, ಉಂಡದ್ದು ರುಚಿ ಇಲ್ಲ, ಇದೆಲ್ಲಾ ರೋಗದ್ದ ಇನ್ನೊಂದು ಮುಖ. ಮ್ಯಾಲೆ ಗುಳಿಗಿ. ಅವು ಮಿದುಳಿನ ಡೋಪಮಿನ್ ಅನ್ನೋ ರಾಸಾಯನಿಕದ ಕೆಲಸಕ್ಕ ಅಡ್ಡ ನಿಂತು ಧ್ವನಿ ತಗ್ಗಸ್ತಾವ, ಖರೆ, ಆದ್ರ ಕೆಲವರಿಗೆ ಕೈ ನಡುಗತಾವ, ಮೈ ಬಿಗೀತೈತಿ, ತೂಕ ಏರತೈತಿ, ದಿನಾ ತೂಕಡಿಸ್ಕೊಂತ ಬಿದ್ದಿರ್ತಾರ. ಅಂಥಾ ಹುಡುಗಗ ಸಂಜಿಕ ಒಂದು ದಮ್ಮು ಎಳದ್ರ ಜೀವ ಬಂದಂಗ ಆಗತೈತಿ.

ಮತ್ತ ಕಾಲುವಿ ದಂಡ್ಯಾಗ ಅವನ ಜೋಡಿ ಕುಂದ್ರೋರು ‘ಗುಳಿಗಿ ತಗೊಂಡ್ಯಾ’ ಅಂತ ಕೇಳಂಗಿಲ್ಲ ನೋಡ್ರಿ. ನನ್ನ ಸೋದರಮಾವನ ಮಗ ಒಬ್ಬ ಹಿಂಗ ಇದ್ದ, ಮದಿವಿ ಮುಂಜಿಗೆ ನಾವ್ಯಾರೂ ಅವನ್ನ ಕರೀತಿರಲಿಲ್ಲ, ಮಂದ್ಯಾಗ ಏನರ ಅಂದಾನು ಅಂತ. ಅವನ್ನ ಕರದು ಕುಂದ್ರಿಸ್ಕೊಂಡೋರು ಚಿಲುಮಿ ಸೇದೋರು ಅಷ್ಟ. ಇದು ನನಗ ತಿಳೀಬೇಕಾದ್ರ ಬಹಳ ವರ್ಷ ಹಿಡೀತು.

ಈಗ ಉಳಿದರ್ಧ. ನೆದರ್‌ಲ್ಯಾಂಡ್ಸಿನ ಸಂಶೋಧಕರು ಸೈಕೋಸಿಸ್ ಇದ್ದವ್ರ ಕೈಗೆ, ಇಲ್ಲದವ್ರ ಕೈಗೆ ಬೀಪ್ ಅನ್ನೋ ವಾಚ್ ಕಟ್ಟಿ, ಅದು ಕೂಗಿದಾಗೆಲ್ಲ ಈಗ ಮನಸ್ಸು ಹೆಂಗೈತಿ, ಗಾಂಜಾ ಸೇದೀರೇನು, ಏನರ ಕೇಳಸ್ತೈತೇನು ಅಂತ ಬರಸ್ಕೊಂಡ್ರು, 2010ರಾಗ ಅದು ಪ್ರಕಟ ಆತು. ಸೇದಿದ ಕೂಡ್ಲೆ ಮನಸ್ಸು ಹಗುರಾಗೋದು ಸೈಕೋಸಿಸ್ ಇದ್ದವ್ರಿಗೇ ಹೆಚ್ಚು! ಧ್ವನಿ ಕೇಳಸೋದೂ ಅವ್ರಿಗೇ ಹೆಚ್ಚಾತು, ಆದ್ರ ಕೂಡ್ಲೆ ಅಲ್ಲ, ಸ್ವಲ್ಪ ತಡದು. ದಲಾಲಿ ಅಂಗಡ್ಯಾಗ ಕೈಗಡ ತಂದಂಗ ಇದು, ರೊಕ್ಕ ಇವತ್ತ ಕೈಗೆ ಬರತೈತಿ, ಬಡ್ಡಿ ಭತ್ತ ಮಾರೋ ಮುಂದ. ಹಂಗಾಗಿ ನಿಮ್ಮ ತಮ್ಮಗ ಹಗುರ ಆಗಿದ್ದು ಗಾಂಜಾದಿಂದ ಅಂತ ಗೊತ್ತಾಗತೈತಿ, ಆಮ್ಯಾಲೆ ಧ್ವನಿ ಜೋರಾದ್ರ ಅದು ವೈರಿಗಳ ಕೆಲಸ ಅನ್ಸತೈತಿ. ಅದಕ್ಕ ಮತ್ತ ಗಾಬರಿ, ಗಾಬರಿಗೆ ಮತ್ತ ದಮ್ಮು.

ಗಾಂಜಾದಿಂದನ ರೋಗ ಬಂತಾ ಅಂದ್ರ, ಒಬ್ಬನ ವಿಷಯದಾಗ ಹಂಗ ಕಡ್ಡಿ ಮುರದು ಹೇಳಾಕ ಬರಂಗಿಲ್ರಿ. ಸ್ವೀಡನ್ ದೇಶದ ಸೈನ್ಯಕ್ಕ ಸೇರಿದ ಸುಮಾರು 45 ಸಾವಿರ ಹುಡುಗ್ರನ್ನ 15 ವರ್ಷ ಗಮನಿಸಿದ ವರದಿ 1987ರಾಗ ಬಂತು, 50ಕ್ಕಿಂತ ಹೆಚ್ಚು ಸಲ ಸೇದಿದವ್ರಿಗೆ ಸ್ಕಿಜೋಫ್ರೇನಿಯಾ (ಬಹಳ ದಿನ ಕಾಡೋ ಒಂದು ಥರದ ಸೈಕೋಸಿಸ್) ಬರೋದು ಸೇದದವ್ರಿಗಿಂತ ಆರು ಪಟ್ಟು ಇತ್ತು. ಆದ್ರ ಸೇದಿದವ್ರೆಲ್ಲರಿಗೂ ಬರಂಗಿಲ್ಲ, ಮನಿತನದಾಗ ಇದ್ರ, ಸಣ್ಣ ವಯಸ್ಸಿಗೆ ಚಟ ಹತ್ತಿದ್ರ, ಮಾಲಿನಾಗ ನಶೆ ಏರಸೋ ಟಿಎಚ್‌ಸಿ ಅಂಶ ಜಾಸ್ತಿ ಇದ್ರ ಅಪಾಯ ಹೆಚ್ಚು. (ಪವಿತ್ರ ಸೊಪ್ಪು, ಸಾಧುಗಳು ಸೇದಂಗಿಲ್ಲೇನು ಅಂತ ಕೆಲವರು ಈಗ ನನಗ ಪತ್ರ ಬರೀತಾರ, ಬರೀರಿ. ಈ ಹುಡುಗನ ಮಿದುಳಿಗೆ ಅದು ಪವಿತ್ರೋ ಅಪವಿತ್ರೋ ಗೊತ್ತಾಗಂಗಿಲ್ಲ.)

ಏನ್ ಮಾಡಬೇಕು? ಸೇದೋದನ್ನ ಡಾಕ್ಟ್ರಿಂದ ಮುಚ್ಚಿಡಬ್ಯಾಡ್ರಿ. ಬೀಡಿ ತಂಬಾಕಿನ ಹೊಗಿ ಒಲಾಂಜಪೈನ್, ಕ್ಲೋಜಪೈನ್ ಅನ್ನೋ ಗುಳಿಗಿ ರಕ್ತದಾಗ ಉಳಿಯೋದನ್ನ ಕಡಿಮಿ ಮಾಡತೈತಿ, ಗಾಂಜಾ ತಂಬಾಕಿನ ಜೋಡಿ ಕಲಸಿ ಸೇದ್ತಿದ್ರ ಇದೂ ಲೆಕ್ಕಕ್ಕ ಬರಬೇಕು, ಒಮ್ಮಿಗೇ ಬಿಟ್ರ ಅದ ಗುಳಿಗಿ ರಕ್ತದಾಗ ಹೆಚ್ಚಾಗತೈತಿ, ಆವಾಗೂ ಡಾಕ್ಟ್ರಿಗೆ ತಿಳಸ್ರಿ. ಕೈ ನಡುಗೋದು, ತೂಕಡಿಕಿ ಇದ್ರ ಅದನ್ನೂ ಹೇಳ್ರಿ, ಗುಳಿಗಿ ಬದಲಿ ಮಾಡಾಕ ಬರತೈತಿ, ತಿಂಗಳಿಗೊಮ್ಮೆ ಚುಚ್ಚೋ ಇಂಜೆಕ್ಷನ್ನೂ ಅದಾವ. ಮತ್ತ ಒಂದು ಖುಷಿ ಸುದ್ದಿ, ರೋಗ ಬಂದ ಮ್ಯಾಲೂ ಸೇದೋದು ಬಿಟ್ಟವ್ರಿಗೆ ರೋಗ ತಿರುಗಿ ಬರೋದು ಸೇದ್ಕೊಂತ ಇರೋರಿಗಿಂತ ಕಡಿಮಿ ಅಂತ ಹಲವು ಅಧ್ಯಯನ ಕೂಡಿಸಿ ನೋಡಿದಾಗ ಕಂಡೈತಿ. ತಡ ಆತು ಅನ್ಕೋಬ್ಯಾಡ್ರಿ.

ಬೆಂಗಳೂರಿಗೇ ಓಡಬೇಕಂತಿಲ್ಲ. 1980ರ ದಶಕದಾಗ ನಿಮ್ಹಾನ್ಸ್‌ನವ್ರು ಸಣ್ಣ ಆಸ್ಪತ್ರ್ಯಾಗೂ ಮನೋರೋಗಕ್ಕ ಔಷಧ ಸಿಗಬೇಕು ಅಂತ ಇಡೀ ಒಂದು ಜಿಲ್ಲೆದಾಗ ಮೊದಲು ಮಾಡಿ ನೋಡಿದ್ದ ನಮ್ಮ ಬಳ್ಳಾರ್ಯಾಗ, ಅದನ್ನ ನೋಡಿ 1996ರಾಗ ದೇಶದಾಗ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಆತು. ಕೊಪ್ಪಳ ಜಿಲ್ಲಾ ಆಸ್ಪತ್ರಿಗೆ ಹೋಗಿ ಕೇಳ್ರಿ. ರಾತ್ರಿ ಕಷ್ಟ ಆದ್ರ 14416ಕ್ಕ ಫೋನ್ ಮಾಡ್ರಿ, ಅದು ಟೆಲಿಮಾನಸ್ ಅನ್ನೋ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಾಗ ಮಾತಾಡ್ತಾರ, ರೊಕ್ಕ ಇಲ್ಲ.

ಮನ್ಯಾಗ ‘ಯಾಕ ಸೇದಿದಿ’ ಅನ್ನೋದು ಬಿಡ್ರಿ. ‘ಸೇದಿದಾಗ ಹೆಂಗಿತ್ತು, ಮರುದಿನ ಹೆಂಗಿತ್ತು’ ಅಂತ ಕೇಳ್ರಿ, ಗ್ವಾಡಿ ಕ್ಯಾಲೆಂಡರ್ ಮ್ಯಾಲೆ ಅವನ ಕೈಯಿಂದನ ಗುರ್ತು ಹಾಕಸ್ರಿ. ತಿಂಗಳಾದ ಮ್ಯಾಲೆ ಇಬ್ರೂ ಕುಂತು ನೋಡ್ರಿ.

ಹುಲಿಗೆಮ್ಮಗ ಹೋಗ್ಬರ್ರಿ, ಯಾಕ ಬ್ಯಾಡ. ಹುಣ್ಣಿವಿ ದಿನ ಮಾತ್ರ ಬ್ಯಾಡ್ರಿ, ಆ ಗದ್ದಲ ಅವಗ ತಡಿಯಂಗಿಲ್ಲ. ರಾತ್ರಿ ಅಲ್ಲೇ ಉಳಿಯೋದಿದ್ರ ಗುಳಿಗಿ ಚೀಲದಾಗ ಇಟ್ಕೋರಿ.