ಸಿಗಡಿ ಬೆಳವಣಿಗಿ ಜೀನ್‌ನ್ಯಾಗ ಕಾಣ್ತೈತೇನ್ರಿ?

ಪ್ರಶ್ನೆ: ನಮ್ಮಣ್ಣನ ಮಗಾ ಕುಮಟಾದಾಗ ವನ್ನಾಮಿ ಸಿಗಡಿ ಸಾಕ್ಯಾನ್ರೀ. ಜೀನ್ ಮಾರ್ಕರ್ ನೋಡಿ ಆರಿಸಿದ ತಳಿ ಅಂದ್ರೇನ್ರಿ? ಹೊಂಡದಾಗಿನ ದೊಡ್ಡವನ್ನ ಇಟ್ಕೊಂಡು ತಾನ ಮರಿ ಮಾಡಿಸ್ಬಹುದಾ?
- ಓದುಗರು, ಹಾನಗಲ್ಲ

ಉತ್ತರ: ಜೀನ್‌ಗಳನ್ನ ಅಕ್ಷರದಂಗ ಬರೆದಿಟ್ಟಿರೋ ಡಿಎನ್‌ಎದಾಗ ಒಂದೊಂದ್ ಕಡೆ ಅಕ್ಷರ ಸಿಗಡಿಯಿಂದ ಸಿಗಡಿಗೆ ಬ್ಯಾರೆ ಇರ್ತೈತ್ರಿ, ಅದಕ್ಕ ಎಸ್‌ಎನ್‌ಪಿ ಮಾರ್ಕರ್ ಅಂತಾರ, ಲಗೂನ ಬೆಳಿಯೋವ್ರಾಗ ಯಾವ ಮಾರ್ಕರ್ ಜಾಸ್ತಿ ಅಂತ ನೋಡಿ ಅಂಥವನ್ನ ತಂದಿ-ತಾಯಿ ಮಾಡ್ತಾರ. ಆದ್ರ ಬೆಳವಣಿಗಿ ಒಂದ ಜೀನ್ ಕೆಲ್ಸ ಅಲ್ರಿ, ಭಾಳ ಜೀನ್ ಒಂದೀಟೊಂದೀಟು ಕೂಡಿ ಆಗೋದು, ಮ್ಯಾಲೆ ನೀರು, ಮೇವೂ ಬೇಕು, ಮೊಟ್ಟಿ ಇಡೋ ಗುಣಾನೂ ಹಂಗ. ಹೊಂಡದ್ದು ಮಾತ್ರ ದಯವಿಟ್ಟು ಬ್ಯಾಡ್ರಿ! ವನ್ನಾಮಿಯಾಗ ಹೆಣ್ಣು ಗಂಡಿಗಿಂತ ದೊಡ್ಡದಾಗ್ತೈತಿ, ದೊಡ್ಡವನ್ನಷ್ಟ ಆರಿಸಿದ್ರ ಹೆಚ್ಚಾಗಿ ಹೆಣ್ಣ ಬರ್ತಾವು, ಅದೂ ಒಂದ ಸಂಸಾರದ ಅಕ್ಕ-ತಮ್ಮ ಕೂಡಿ ಮುಂದಿನ ಪೀಳಿಗಿ ಸೊರಗ್ತೈತಿ, ಬಿಳಿಚುಕ್ಕಿ ರೋಗಾನೂ ತಾಯಿಯಿಂದ ಮರಿಗೆ ದಾಟ್ತೈತ್ರಿ. ನೋಂದಣಿ ಇರೋ ಹ್ಯಾಚರಿಯಾಗ, ರೋಗಾಣು ಐತೇನು ಅಂತ ನೋಡೋ ಪಿಸಿಆರ್ ಟೆಸ್ಟ್ ರಿಪೋರ್ಟ್ ನೋಡೇ ಮರಿ ತರಾಕ ಹೇಳ್ರಿ.